ಏವೆರ್ತಿ ಮುದುಕನ ಮೌನ ಕತ್ತರಿಸಿದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಚಳಿಗಾಲ ಪೂರ್ತಿ ನನ್ನ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಒಲೆ ಹೊತ್ತದೇ ಹೋಗಲಿ. ನಮ್ಮ ಕುಹ್ಮೊ ಊರಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಹಿಲ್ಕಾ ಸಂಜೆ ಶಾಲೆಗೆ ಹೋಗಿ ವಿಡಿಯೊ ಎಡಿಟಿಂಗ್ ಕಲಿಯತೊಡಗಿದ್ದು ಮಾವ ಏವೆರ್ತಿಯ ತೊಂಬತ್ತನೇ ಹುಟ್ಟುಹಬ್ಬಕ್ಕೊಂದು ಚಿತ್ರ ಮಾಡೋಣವೆಂದು. ಅಡುಗೆಮನೆಯಲ್ಲಿ ಮುದುಕನನ್ನು ಕೂರಿಸಿ, ಅವನು ನದಿಯಲ್ಲಿ ಮರದ ದಿಮ್ಮಿ ತೇಲಿಸಿ ಸಾಗಿಸುತ್ತಿದ್ದ ಕಾಲದ ಕಥೆ ಹೇಳಿಸಿದಳು. ಅವನು ನಮ್ಮ ಕಡೆಯವರು ಹೇಳುವ ಹಾಗೆಯೇ ಹೇಳಿದ. "ನದಿ," ಎಂದ. ಕಾಫಿ ಆರಿತು. "ತಣ್ಣಗಿತ್ತು," ಎಂದ.

ಟೈಮ್‌ಲೈನ್‌ನಲ್ಲಿ ಅಂದರೆ ಲ್ಯಾಪ್‌ಟಾಪ್ ಪರದೆಯ ಉದ್ದ ಪಟ್ಟಿಯಲ್ಲಿ, ಮಾತೆಲ್ಲ ಗುಡ್ಡಗುಡ್ಡವಾಗಿ ಕಾಣುತ್ತಿತ್ತು. ಸುಮ್ಮನಿದ್ದ ಕಡೆ ಬರೀ ಗೆರೆ. ಗೆರೆಯನ್ನು ಆರಿಸಿ ಒಂದು ಗುಂಡಿ ಒತ್ತಿದರೆ ಅದು ಮಾಯವಾಗಿ, ಮುಂದಿನ ತುಂಡು ತಾನೇ ಸರಿದು ಬಂದು ಅಂಟಿಕೊಳ್ಳುತ್ತದೆ ಎಂದು ಟೀಚರ್ ಮಾರ್ಕೆತ್ತಾ ತೋರಿಸಿಕೊಟ್ಟಿದ್ದಳು. ಹಿಲ್ಕಾಗೆ ರುಚಿ ಹತ್ತಿತು. ಕಂಡ ಗೆರೆಯನ್ನೆಲ್ಲ ಅಳಿಸಿದಳು. ಉಸಿರೆಳೆದ ಜಾಗವನ್ನೂ ಬಿಡಲಿಲ್ಲ. ಗಂಟೆಯ ಮಾತು ಮೊಟ್ಟೆ ಬೇಯುವಷ್ಟರಲ್ಲಿ ಮುಗಿಯುವಂತಾಯಿತು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿ, ಅದನ್ನು ಹೊತ್ತು ಮನೆಗೆ ಬಂದಳು.

ಮನೆಯಲ್ಲಿ ಮುದುಕ ಮಾತಾಡುತ್ತಿದ್ದ.

"ನದಿತಣ್ಣಗಿತ್ತುಮರಜಾರ್ತುಕಾಲ್ಮುರೀತುಕಾಫಿಕೊಡಮ್ಮ—"

ತುಟಿ ನೀಲಿಗಟ್ಟಿತ್ತು. ಉಸಿರಾಡಲು ಅವನಿಗೆ ಸಂದಿಯೇ ಉಳಿದಿರಲಿಲ್ಲ.

"ಯಾವಾಗಿಂದ ಹೀಗೆ?" ಎಂದು ಹಿಲ್ಕಾ ಗಂಡನನ್ನು ಕೇಳಿದಳು. ಓಸ್ಮೊ ಭುಜ ಹಾರಿಸಿದ. ಮದುವೆಯ ದಿನ "ಹೂಂ" ಎಂದಿದ್ದವನು, ಅಷ್ಟು ಸಾಕೆಂದುಕೊಂಡಿದ್ದ ಆಸಾಮಿ. ಅವಳು ಟೀಚರಿಗೆ ಫೋನ್ ಮಾಡಿದಳು.

"ಖಾಲಿ ಸದ್ದು ಹಿಡ್ಕೊಂಡಿಲ್ವೇನೇ? ಎಲ್ಲಾ ಮುಗಿದ್ಮೇಲೆ ಅದೇ ಕೋಣೇಲಿ ಸುಮ್ನೆ ಕೂತು ಅರ್ಧ ನಿಮಿಷ ರೆಕಾರ್ಡ್ ಮಾಡಿ ಅಂತ ಬಡ್ಕೊಂಡೆ!"

"ಆಗ ನಾನು ಏಲಕ್ಕಿ ಬನ್ನು ತಿನ್ನೋಕೆ ಹೋಗಿದ್ದೆ."

"ಚೆನ್ನಾಗಾಯ್ತು! ಈಗ್ಲಾದ್ರೂ ಹಿಡಿದು ಸಂದಿ ಸಂದಿಗೆ ತುಂಬು."

"ಮಾವ ಬಾಯಿ ಮುಚ್ತಿಲ್ಲ ಕಣೇ! ಯಾರದ್ದು ಹಿಡೀಲಿ?"

"ಅದೇ ಕುರ್ಚಿ, ಅದೇ ರಕ್ತ ಇರ್ಬೇಕು. ಬೇರೆಯವರ ಮೌನ ಹೊಂದಲ್ಲ." ಮಾರ್ಕೆತ್ತಾ ದನಿ ತಗ್ಗಿಸಿದಳು. "ಆದ್ರೆ ಒಂದ್ಸಲ ತೆಗೆದ್ರೆ, ಕೊಟ್ಟೋರ ಹತ್ರ ಉಳಿಯಲ್ಲ. ನೋಡ್ಕೊ."

ಮುದುಕನ ಕಣ್ಣು ಮೇಲಾಗುತ್ತಿತ್ತು. ಅವನನ್ನು ಎತ್ತಿ ಒಳಕೋಣೆಯಲ್ಲಿ ಮಲಗಿಸಿದರು.

"ಕೂತ್ಕೊ ಓಸ್ಮೊ. ಏನೂ ಮಾಡ್ಬೇಡ. ಅದೊಂದು ನಿಂಗೆ ಚೆನ್ನಾಗಿ ಬರುತ್ತೆ."

ಓಸ್ಮೊ ಮೊದಲ ಸಲ ಬೇಡವೆಂಬಂತೆ ತಲೆಯಾಡಿಸಿದ. ಒಳಗಿನಿಂದ ಅಪ್ಪನ ಗೊರಗೊರ ಕೇಳಿಸಿತು. ಕೂತ.

ಹಿಲ್ಕಾ ಅವನ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡು, ತುಂಡು ಮಾಡಿ ಮಾವನ ಮಾತಿನ ನಡುವೆ ಸೇರಿಸಿದಳು. ಕೊನೆಯ ತುಂಡು ಬೀಳುತ್ತಲೇ ಒಳಗೆ ಮುದುಕ ಬಾವಿಯಿಂದ ಮೇಲೆದ್ದವನಂತೆ ಉಸಿರೆಳೆದ. "ನದಿ," ಎಂದ. ಬಾಯಿ ಮುಚ್ಚಿದ. ಕೆನ್ನೆಗೆ ಕೆಂಪು ಬಂತು.

ಓಸ್ಮೊ ಕುರ್ಚಿಯಿಂದ ಏಳಲಿಲ್ಲ.

"ಸೂಪಿಗೆ ಉಪ್ಪು ಜಾಸ್ತಿ," ಎಂದ. ಮದುವೆಯಾದಾಗಿನಿಂದ ಜಾಸ್ತಿಯಂತೆ. ಹಿಲ್ಕಾ ನಕ್ಕಳು. ಆಮೇಲೆ ಅವಳ ತಂಗಿಯ ವಿಷಯ ಎತ್ತಿದ. ಅವಳು ನಗು ನಿಲ್ಲಿಸಿದಳು. ಓಸ್ಮೊ ಎರಡೂ ಕೈಯಿಂದ ಬಾಯಿ ಒತ್ತಿಕೊಂಡ. ಮಾತು ಬೆರಳ ಸಂದಿಯಿಂದ ಬರುತ್ತಲೇ ಇತ್ತು.

"ನಿನ್ನ ಮೊದಲ್ನೇ ಗಂಡ ಮಂಜುಗಡ್ಡೆ ಒಡ್ದು ಕೆರೆಗೆ ಬಿದ್ದು ಸತ್ತ ಅಂತಾರಲ್ಲ ಹಿಲ್ಕಾ, ಅದು ತಾನಾಗೇ ಒಡೀಲಿಲ್ಲ. ಹಿಂದಿನ ದಿನಾನೇ ನಾವಿಬ್ರು ಗರಗಸ ತಗೊಂಡು ಹೋಗಿ ಕೊಯ್ದಿದ್ವಿ. ನಾನು, ಮತ್ತೆ—"

ಅರೆ, ಕಥೆ ಕೇಳುತ್ತಿದ್ದವರು ಎಲ್ಲಿಗೆ ಎದ್ದಿರಿ? ಕಾಫಿಯಾದರೂ ಮುಗಿಸಿ. ಆ ಗರಗಸ ಯಾರ ಮನೆಯದೆಂದು ನಾನಿನ್ನೂ ಹೇಳಿಯೇ ಇಲ್ಲವಲ್ಲ.