ಗಾಜಿನ ಬಚ್ಚಲು

ಬೇಸಿಗೆ ನಡುವಿಗೆ ಬಂದಿತ್ತು. ನೆಲ ಕಾದು ಹೆಂಚಾಗುವ ಮೊದಲೇ ಅಂಗಳದಲ್ಲಿ ಮೆಣಸಿನಕಾಯಿ ಹರವಿ ಮುಗಿಸಬೇಕೆಂದು ಸೊಸೆ ಬಗ್ಗಿದ ಸೊಂಟ ಎತ್ತದೆ ಕೈಯಾಡಿಸುತ್ತಿದ್ದಳು. ಒಳಗಿನಿಂದ ಅತ್ತೆ ಕರೆದರೆ ಕೈ ತೊಳೆದುಕೊಂಡು ಓಡಬೇಕು. ಖಾರದ ಕೈಯಲ್ಲಿ ಮುಟ್ಟುವಂತಿಲ್ಲ. ಬೆಳಗಿನಿಂದ ಅದೆಷ್ಟು ಸಲ ತೊಳೆದಿದ್ದಳೋ. ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ವರ್ಷವಾಗುತ್ತ ಬಂದಿತ್ತು. ಕೂರಿಸಿದರೆ ಕೂರುತ್ತಿದ್ದರು, ಕೈ ಕೊಟ್ಟು ಎಬ್ಬಿಸಿದರೆ ಬಚ್ಚಲವರೆಗೆ ನಡೆಯುತ್ತಿದ್ದರು. ಆದರೆ ಆ ಕೈ ಸೊಸೆಯದೇ ಆಗಬೇಕು.

ಅಂಥ ಹೊತ್ತಿನಲ್ಲಿ ನಾದಿನಿಯ ಕಾರು ಬಂದು ನಿಂತಿತು.

“ಅತ್ತಿಗೆ, ಬಟ್ಟೆ ತುಂಬ್ಕೊಳ್ಳಿ. ದೊಡ್ಡ ರೆಸಾರ್ಟಲ್ಲಿ ರೂಮು ಹಿಡಿದಿದೀನಿ. ಎರಡು ದಿನ ನೀವು ಒಂದು ಕಡ್ಡಿ ಎತ್ತಿ ಆ ಕಡೆ ಇಡೋ ಹಾಗಿಲ್ಲ. ಅಮ್ಮನಿಗೆ ನೀವು ಮಾಡಿದ್ದನ್ನ ಹೊಟ್ಟೇಲಿ ಹುಟ್ಟಿದ ನಾನು ಮಾಡಿಲ್ಲ. ಆ ಋಣ ಒಂಚೂರಾದರೂ ತೀರಲಿ.”

ಸೊಸೆ ಬಗ್ಗಿದ ಸೊಂಟ ಎತ್ತಿ ನೆಟ್ಟಗೆ ನಿಂತಳು. ಈ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ.

“ಅತ್ತೇನ ಯಾರು ನೋಡ್ಕೋತಾರೆ?” ಎಂದಳು.

“ಅದಕ್ಕೇನು, ಅಮ್ಮನೂ ಬರ್ತಾಳೆ. ಅವಳಿಗೂ ಗಾಳಿ ಬದಲಾದ ಹಾಗಾಯ್ತು.”

ಎತ್ತಿದ ಸೊಂಟ ತಾನಾಗಿಯೇ ಮತ್ತೆ ಮೆಣಸಿನಕಾಯಿಗೆ ಬಗ್ಗಿತು. ಗಂಡ ಕೊಟ್ಟಿಗೆಯಿಂದ ತಲೆ ಹೊರಹಾಕಿ, “ಹೋಗಿ ಬಾ, ಮೆಣಸಿನಕಾಯಿ ನಾನು ನೋಡ್ಕೋತೀನಿ” ಎಂದ. ತಾಯಿಯನ್ನು ನೋಡಿಕೊಳ್ಳುತ್ತೇನೆ ಎನ್ನಲಿಲ್ಲ.

ರೆಸಾರ್ಟಿನಲ್ಲಿ ಎಲ್ಲವೂ ಮೆತ್ತಗಿತ್ತು. ಬಾಗಿಲು ತೆರೆದವನ ಮಾತು ಮೆತ್ತಗೆ, ಕಾಲಡಿಯ ಹಾಸು ಮೆತ್ತಗೆ, ಹಾಸಿಗೆಯಂತೂ ಕೇಳುವುದೇ ಬೇಡ. ಅತ್ತೆಯನ್ನು ಕೂರಿಸಿದ್ದೇ ತಡ, ಕೆಸರಿಗೆ ಇಳಿದ ಎಮ್ಮೆಯ ಹಾಗೆ ಸೊಂಟದವರೆಗೆ ಹೂತುಹೋದರು. ಮನೆಯ ಹುರಿಮಂಚದಿಂದ ಎಬ್ಬಿಸಲು ಒಂದು ಕೈ ಸಾಕಿತ್ತು. ಇಲ್ಲಿ ಎರಡೂ ಕಂಕುಳಿಗೆ ಕೈಹಾಕಿ, ಮೊಣಕಾಲು ಮಂಚಕ್ಕೆ ಒತ್ತಿ ಎಳೆಯಬೇಕಾಯಿತು.

“ಈ ಚಳಿ ಯಾಕೆ? ನಾನೇನು ಮಂಜುಗಡ್ಡೇಲಿ ಇಟ್ಟ ಮೀನಾ?” ಎಂದರು ಅತ್ತೆ.

“ಹೊರಗೆ ಬೆಂಕಿ ಸುರೀತಿದೆ ಅಮ್ಮ. ಈ ತಂಪಿಗೇ ಜನ ಇಷ್ಟು ಕೊಟ್ಟು ಬರೋದು,” ಎಂದಳು ನಾದಿನಿ.

ಬಚ್ಚಲು ನೋಡಿದ ಮೇಲೆ ಅತ್ತೆ ಚಳಿಯನ್ನೂ ಮರೆತರು. ಕೋಣೆಗೂ ಬಚ್ಚಲಿಗೂ ನಡುವೆ ಇದ್ದದ್ದು ಗಾಜು. ಮಂಚದ ಮೇಲೆ ಕೂತವರಿಗೆ ಒಳಗಿನ ಕಮೋಡು, ನಲ್ಲಿ, ಸೋಪಿನ ಬಟ್ಟಲು ಎಲ್ಲ ಕಾಣುತ್ತಿತ್ತು.

“ಗೋಡೆ ಕಟ್ಟೋಕೆ ದುಡ್ಡು ಸಾಲಲಿಲ್ವಾ ಇವರಿಗೆ?”

“ಅದೇ ಫ್ಯಾಶನ್ನು ಅಮ್ಮ. ನಾವೇ ಅಲ್ವಾ ಇರೋದು, ಯಾರು ನೋಡ್ತಾರೆ?”

“ನೀನು ನೋಡ್ತೀಯಲ್ಲ.”

ಹೀಗಾಗಿ ಅತ್ತೆಯನ್ನು ಒಳಗೆ ಕೂರಿಸುವುದು, ಹೊರಗೆ ಬಂದು ಹೊದಿಕೆಯನ್ನು ಎರಡು ಕೈಯಲ್ಲಿ ತಲೆಯೆತ್ತರ ಹಿಡಿದು ಗಾಜಿಗೆ ಅಡ್ಡ ನಿಲ್ಲುವುದು, ಕರೆದಾಗ ಹೊದಿಕೆ ಬಿಸಾಡಿ ಒಳಗೆ ಹೋಗುವುದು ಸೊಸೆಯ ಕೆಲಸವಾಯಿತು. ಮನೆಯಲ್ಲಿ ಇದಾದರೂ ಇರಲಿಲ್ಲ. ತೋಳು ಸೋತು ಹೊದಿಕೆ ಒಂದಿಷ್ಟು ಇಳಿದರೆ ಒಳಗಿನಿಂದ, “ಏ, ಎತ್ತು” ಎಂದು ಕೇಳುತ್ತಿತ್ತು.

ಹೊರಗೆ ನೀಲಿ ಈಜುಕೊಳ. ನಾದಿನಿ ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂಗಿದಳು: “ಬನ್ನಿ ಅತ್ತಿಗೆ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ?”

“ನೀರಿಗೆ ಬಂದೋಳು ನೀನು. ನಾನು ಬಚ್ಚಲಿಗೆ ಬಂದೋಳು,” ಎಂದಳು ಸೊಸೆ. ನಾದಿನಿ ಅದನ್ನು ತಮಾಷೆ ಎಂದುಕೊಂಡು ಚೆನ್ನಾಗಿ ನಕ್ಕಳು. ಆಮೇಲೆ ಫೋಟೋ ತೆಗೆದಳು. “ಆರಾಮಾಗಿರೋ ಹಾಗೆ ಒರಗಿ ಅತ್ತಿಗೆ. ಇನ್ನೂ ಸ್ವಲ್ಪ.” ಸೊಸೆ ಒರಗುವಷ್ಟರಲ್ಲಿ ಕೋಣೆಯಿಂದ ಕರೆ ಬಂತು. ಫೋಟೋದಲ್ಲಿ ಬಂದದ್ದು ಖಾಲಿ ಕುರ್ಚಿ, ಹೋಗುತ್ತಿರುವವಳ ಬೆನ್ನು.

ಸೊಸೆಗೆ ಈಜುಕೊಳ ಬೇಕಿರಲಿಲ್ಲ. ಅವಳ ಮನಸ್ಸು ಇದ್ದದ್ದು ಎಣ್ಣೆ ಮಸಾಜಿನ ಮೇಲೆ. ಆ ಸಂಜೆಗೆ ನಾದಿನಿ ಅವಳ ಹೆಸರು ಹೇಳಿಟ್ಟಿದ್ದಳು. ವರ್ಷವಿಡೀ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದ್ದವಳಿಗೆ ತನ್ನ ಬೆನ್ನ ಮೇಲೆ ಇನ್ನೊಬ್ಬರ ಕೈ ಬೀಳುತ್ತದೆ ಎಂಬುದೇ ದೊಡ್ಡ ಆಸೆಯಾಗಿತ್ತು. ಸರಿಯಾಗಿ ಹೊರಡುವಾಗ ಅತ್ತೆ, “ಸ್ವಲ್ಪ ಹಿಡಿ, ಬಚ್ಚಲಿಗೆ ಹೋಗ್ಬೇಕು” ಎಂದರು. ಎಲ್ಲ ಮುಗಿಸಿ ಹೊರಬಂದರೆ ನಾದಿನಿ ಮುಖ ಹೊಳೆಯುತ್ತ ಎದುರಾದಳು.

“ಹೊತ್ತು ಮೀರಿತ್ತು ಅತ್ತಿಗೆ. ಸುಮ್ನೆ ಹಾಳಾಗೋದು ಬೇಡ ಅಂತ ನಾನೇ ಮಾಡಿಸ್ಕೊಂಡೆ. ಎಷ್ಟು ಹಾಯಾಗಿತ್ತು ಗೊತ್ತಾ.” ಸೊಸೆಯ ಮುಖ ನೋಡಿ, “ನಾಳೆ ಮಧ್ಯಾಹ್ನ ನಿಮಗೇ. ಏನೇ ಆಗಲಿ ಅಮ್ಮನ ಹತ್ತಿರ ನಾನಿರ್ತೀನಿ,” ಎಂದು ಸೇರಿಸಿದಳು.

ಮರುದಿನ ಸೊಸೆ ಹೋಗಿ ಬೋರಲು ಮಲಗಿದಳು. ಮಸಾಜಿನ ಹೆಂಗಸು ಬೆಚ್ಚಗಿನ ಎಣ್ಣೆ ಸುರಿದು ಬೆನ್ನ ನಡುವೆ ಹೆಬ್ಬೆರಳು ಊರಿದಳು. “ಇದೇನಮ್ಮ, ಕಲ್ಲಾಗಿದೆ,” ಎಂದಳು. ಸೊಸೆ ಉತ್ತರ ಕೊಡುವ ಮೊದಲೇ ಬಾಗಿಲು ಸದ್ದಾಯಿತು.

ನಾದಿನಿ. “ಅತ್ತಿಗೆ, ಒಂದೇ ಒಂದು ಸಲ ಬಂದುಹೋಗಿ. ಅಮ್ಮ ನನ್ನ ಕೈಗೆ ಬಗ್ತಿಲ್ಲ. ನಿಮಗೆ ಅಭ್ಯಾಸ ಇದೆ.”

ಸೊಸೆಯ ಕೈಗಳು ಆಗಲೇ ಮಂಚದ ಅಂಚು ಹಿಡಿದಿದ್ದವು, ಏಳುವುದಕ್ಕೆ. ಅವನ್ನು ನೋಡಿ ಅವಳಿಗೇ ಸಿಟ್ಟು ಬಂತು. ಹಿಡಿತ ಬಿಟ್ಟಳು.

“ನನಗೂ ಹುಟ್ಟುವಾಗಲೇ ಅಭ್ಯಾಸ ಇರಲಿಲ್ಲ,” ಎಂದಳು, ಮುಖ ಎತ್ತದೆ. “ಕಂಕುಳಿಗೆ ಕೈಹಾಕು. ಉಸಿರು ಬಿಡು ಅಂತ ಹೇಳಿ ಎತ್ತು.”

“ಅಯ್ಯೋ ಅತ್ತಿಗೆ, ಬಿದ್ದರೆ?”

“ನಾನು ಎತ್ತೋವಾಗಲೂ ಬೀಳಬಹುದಿತ್ತು.”

ಬಾಗಿಲಾಚೆ ನಾದಿನಿಯ ಚಪ್ಪಲಿಯ ಸದ್ದು ದೂರವಾಯಿತು.

ಸೊಸೆ ಮರಳಿ ಬಂದಾಗ ಕೋಣೆಯ ನೆಲವೆಲ್ಲ ಒದ್ದೆ. ಹೊದಿಕೆ ಬಚ್ಚಲ ಹೊಸ್ತಿಲಲ್ಲಿ ಮುದ್ದೆಯಾಗಿ ಬಿದ್ದಿತ್ತು. ನಾದಿನಿ ಕೂದಲು ಬಿಚ್ಚಿಹೋಗಿ, ಗೋಡೆಗೊರಗಿ ಸೊಂಟ ಹಿಡಿದುಕೊಂಡು ಕೂತಿದ್ದಳು. ಅತ್ತೆ ಬೇರೆ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದರು.

“ಹೊದಿಕೆ ಹಿಡಿ ಅಂದರೆ ಅದನ್ನೂ ಬೀಳಿಸಿದಳು,” ಎಂದರು ಅತ್ತೆ. “ಆದರೂ ಕೂರಿಸಿದಳು. ಕೂರಿಸಲಿಲ್ಲ ಅನ್ನೋಕಾಗಲ್ಲ.”

ನಾದಿನಿ ಕೇಳಿದಳು, “ಹೇಗಿತ್ತು ಅತ್ತಿಗೆ, ಹಾಯಾಯ್ತಾ?”

“ಇಲ್ಲ. ಇಲ್ಲಿ ಏನು ಬಿತ್ತೋ ಅಂತ ಕಿವಿ ಇಟ್ಕೊಂಡು ಮಲಗಿದ್ದೆ.”

“ಹಾಗಾದ್ರೆ ಈ ಸಲದ್ದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಬರೋಣ.”

“ಬನ್ನಿ,” ಎಂದಳು ಸೊಸೆ, ಒದ್ದೆ ಹೊದಿಕೆಯನ್ನು ದಾಟಿಕೊಂಡು. “ನೀನೂ ಅತ್ತೇನೂ ಬನ್ನಿ, ಎರಡು ದಿನ ಅಲ್ಲ, ಎಂಟು ದಿನ ಇರಿ. ನಾನು ಮನೇಲಿರ್ತೀನಿ. ನನಗೆ ರೆಸಾರ್ಟು ಅಂದರೆ ಅದೇ.”

ನಾದಿನಿ ತಾಯಿಯ ಮುಖ ನೋಡಿದಳು. ಕೈ ಮತ್ತೆ ತನ್ನ ಸೊಂಟಕ್ಕೆ ಹೋಯಿತು.

“ಹಾಗೇನಾದರೂ ಆದರೆ,” ಎಂದರು ಅತ್ತೆ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, “ಗೋಡೆ ಇರೋ ಕಡೆ ರೂಮು ಹಿಡಿ.”