ಆನೆ ಉಂಟು ಅಂದರೆ

ಪಾಲಿಬೆಟ್ಟದ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ನಮ್ಮ ಜೊತೆ ಕೆಲಸಕ್ಕಿದ್ದ ಮಾರಿಯನ್ನು ಆನೆ ತುಳಿದು ಕೊಂದ ಮೇಲೆ ಒಂದು ಮಾತಾಯಿತು: ತೋಟದಲ್ಲಿ ಆನೆ ಇದ್ದ ದಿನ ಕಾಫಿ ಪಿಕ್ಕಿಂಗ್ ಇಲ್ಲ. ಮ್ಯಾನೇಜರ್ ನಿತೇಶ್ ಸಾರ್ ಒಪ್ಪಿದರು. ಕೂಲಿಲೈನಿನ ನಾವೆಲ್ಲರೂ ಒಪ್ಪಿದೆವು. ಗೋಣಿಚೀಲಗಳ ಮೇಲೆ ಕೂತು ಒಟ್ಟಿಗೆ ಟೀ ಕುಡಿದೆವು. ಇಷ್ಟು ಸಲೀಸಾಗಿ ಆದ ಒಪ್ಪಂದದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಅದೇ ಆಶ್ಚರ್ಯ.

ಮರುವಾರವೇ ಶುರುವಾಯಿತು. ನಮ್ಮ ಪ್ರಕಾರ ದಾರಿಯಲ್ಲಿ ಹಸಿ ಲದ್ದಿ ಬಿದ್ದಿದ್ದರೆ, ಆನೆ ತಿನ್ನುವ ಬೈನೆ ಮರ ಮುರಿದಿದ್ದರೆ ಆನೆ ಇದೆ. ನಿತೇಶ್ ಸಾರ್ ಪ್ರಕಾರ ಕಣ್ಣಿಗೆ ಕಂಡರೆ ಮಾತ್ರ ಆನೆ ಇದೆ. ಬರೀ ಲದ್ದಿ ಕಂಡರೆ ಅದು ಬಂದು ಹೋಗಿದೆ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳುವುದೇನು, ಆನೆ ಅಂದರೆ ಆನೆ ತಾನೆ? ಮಾತು ಕೊಟ್ಟು ತಪ್ಪಿದರು ಎಂದು ನಾವು ಅವರನ್ನು ಬೈದೆವು. ಸುಳ್ಳು ನೆಪ ಹೇಳುವ ಸೋಮಾರಿಗಳು ಎಂದು ಅವರು ನಮ್ಮನ್ನು ಬೈದರು.

ನಾವೂ ಸಾಚಾಗಳೇನಲ್ಲ ಬಿಡಿ. ವಿರಾಜಪೇಟೆ ಸಂತೆಯ ದಿನ ಒಣಗಿದ ಲದ್ದಿಯೂ ನಮ್ಮ ಹೆಂಗಸರ ಕಣ್ಣಿಗೆ ಹಸಿಯಾಗಿಯೇ ಕಾಣುತ್ತಿತ್ತು. ಅದು ಸಾರ್‌ಗೂ ಗೊತ್ತಿತ್ತು. ನಾವು ಒಂದು ಕಡೆ ಎಳೆದಷ್ಟೂ ಅವರು ಇನ್ನೊಂದು ಕಡೆ ಎಳೆದರು. ಕೊನೆಕೊನೆಗೆ ಆನೆ ಅವರ ಮುಂದೆ ಬಂದು ನಿಂತರೂ ಒಪ್ಪುತ್ತಾರೋ ಇಲ್ಲವೋ ಅನ್ನುವಂತಾಯಿತು.

ಆ ದಿನ ಬೆಳಿಗ್ಗೆ ತೋಟದ ಗೇಟಿನ ಒಳಗೇ ಲದ್ದಿ ಬಿದ್ದಿತ್ತು. ಚಳಿಗೆ ಅದರಿಂದ ಹಬೆ ಏಳುತ್ತಿತ್ತು, ಅದರ ತುಂಬ ಕಾಫಿ ಬೀಜ. ನನ್ನ ಅಕ್ಕ ಮುತ್ತಿ ಚೀಲ ಕೆಳಗಿಟ್ಟಳು.

"ಆನೆ ಉಂಟು ಸಾರ್. ಇವತ್ತು ನಾವು ಇಳಿಯೋದಿಲ್ಲ."

"ಎಲ್ಲುಂಟು? ನಂಗೆ ಕಾಣೋದಿಲ್ವಲ್ಲ."

"ಲದ್ದಿ ಇನ್ನೂ ಬಿಸಿ ಉಂಟು. ಮುಟ್ಟಿ ನೋಡಿ."

"ಲದ್ದಿ ಉಂಟು, ನಾನು ಇಲ್ಲ ಅಂದ್ನಾ? ಆನೆ ಎಲ್ಲಿ? ಹಾಕಿ ಹೋಗಿರ್ತದೆ. ಹಣ್ಣೆಲ್ಲ ಉದುರ್ತಾ ಉಂಟು ಮುತ್ತಿ, ಓನರಿಗೆ ನಾನೇನು ಹೇಳ್ಲಿ?"

ನನ್ನ ಬಾಯಿ ಸುಮ್ಮನಿರುವುದಲ್ಲ. "ಆನೆ ಬಂದು ನಿಮ್ಮ ಆಫೀಸಿನ ಬಾಗಿಲು ತಟ್ಟಿದ್ರೆ ಆಗ ಉಂಟು ಅಂತೀರಾ ಸಾರ್?" ಅಂದೆ. ಹೆಂಗಸರು ಗೊಳ್ಳೆಂದು ನಕ್ಕರು. ಸಾರ್ ಮುಖ ಕೆಂಪಾಯಿತು.

"ದಿನಾ ಸುಳ್ಳು ಹೇಳೋರನ್ನ ಹೇಗೆ ನಂಬೋದು?" ಎಂದರು.

ಅಕ್ಕನ ಗಂಡನ ಹೆಸರು ಚಿಕ್ಕ; ಅಷ್ಟು ಹೊತ್ತೂ ಅವನು ಬೇಲಿಗೆ ಒರಗಿ ನಿಂತಿದ್ದ. ಸಂತೆಯ ದಿನ ನಾವೆಲ್ಲ ಆನೆಯ ನೆಪ ಹೇಳಿದರೆ, ಆನೆ ಇಲ್ಲ ಎಂದು ಒಬ್ಬನೇ ಕೆಲಸಕ್ಕೆ ಇಳಿಯುತ್ತಿದ್ದ ಮನುಷ್ಯ ನಮ್ಮ ಭಾವ. ಅವನನ್ನು ಏನು ಬೇಕಾದರೂ ಅನ್ನಬಹುದು, ಸುಳ್ಳ ಅನ್ನುವ ಹಾಗಿಲ್ಲ.

"ಕಣ್ಣಿಗೆ ಕಂಡ್ರೆ ಒಪ್ತೀರಾ ಸಾರ್?"

"ಕಂಡ್ರೆ ಯಾಕೆ ಒಪ್ಪೋದಿಲ್ಲ?"

"ಹಾಗಾದ್ರೆ ನೋಡಿ ಬರ್ತೇನೆ."

ನೋಡಿ ಬರುವುದಂತೆ! ಆನೆಯ ಎದುರು ಯಾರೂ ನಿಲ್ಲಬಾರದು ಎಂದೇ ಅಲ್ಲವೇ ಆ ಮಾತು ಆಗಿದ್ದು? ಈಗ ಅದೇ ಮಾತನ್ನು ಉಳಿಸಲು ಒಬ್ಬ ಆನೆಯ ಎದುರು ಹೋಗಿ ನಿಲ್ಲಬೇಕಂತೆ. ಈ ಸಿಟ್ಟು ನನಗೆ ಈಗ ಬರುತ್ತಿದೆ. ಆಗ, ಸಾರ್‌ಗೆ ಒಮ್ಮೆ ಮುಖಭಂಗವಾಗಲಿ ಎಂದು ನಾನೂ ಕಾದು ನಿಂತಿದ್ದೆ. ಅಕ್ಕ ಮಾತ್ರ ಅವನ ಅಂಗಿ ಹಿಡಿದು ಎಳೆದಳು. "ಬೇಡ ಚಿಕ್ಕ, ಬಾ ಇಲ್ಲಿ," ಎಂದು ಸಾರ್ ಕೂಡ ಕರೆದರು. ಅವನು ತಿರುಗಿ ನೋಡದೆ ಗಿಡಗಳ ನಡುವೆ ನುಗ್ಗಿದ.

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕಾಫಿ ಗಿಡಗಳು ಪಟಪಟ ಮುರಿದ ಸದ್ದು. ಅದರ ಹಿಂದೆಯೇ ಭಾವನ ಕೂಗು:

"ಉಂಟು ಸಾರ್! ಉಂಟು!"

ಕಾಪಾಡಿ ಎಂದು ಕೂಗಲಿಲ್ಲ ಅವನು. ಆ ಹೊತ್ತಿನಲ್ಲೂ ತಾನು ಸುಳ್ಳ ಅಲ್ಲ ಎನ್ನುವುದೇ ಅವನಿಗೆ ಮುಖ್ಯವಾಗಿತ್ತು.

ನಿತೇಶ್ ಸಾರ್ ಜೀಪು ಹತ್ತಿ, ಹಾರ್ನ್ ಒತ್ತಿ ಹಿಡಿದು ಒಳಗೆ ನುಗ್ಗಿಸಿದರು. ಆನೆ ಆ ಸದ್ದಿಗೆ ಬೆದರಿ ಹಳ್ಳದ ಕಡೆಗೆ ಹೋಯಿತು. ಭಾವನನ್ನು ಅವರೇ ಎತ್ತಿ ತಂದರು. ಹೇಡಿ ಎಂದು ಅವರನ್ನು ಯಾರೂ ಅನ್ನುವಂತಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅವರು ನಮ್ಮ ಪಕ್ಕದಲ್ಲೇ ಕೂತರು. ಅಂಗಿಯ ತುಂಬ ಭಾವನ ರಕ್ತ. ಅಕ್ಕನ ಕಡೆ ತಿರುಗಿದರು.

"ಮುತ್ತಿ, ಇನ್ನು ಮೇಲೆ ಹಸಿ ಲದ್ದಿ ಕಂಡ್ರೂ ಆನೆ ಉಂಟು ಅಂತಲೇ. ಮರ ಮುರಿದಿದ್ರೂ ಉಂಟು ಅಂತಲೇ. ಒಣಗಿದ್ರೆ ಇಲ್ಲ. ಆಗ್ಬಹುದಾ?"

ಆಗಬಹುದು. ಇಷ್ಟೇ ಮಾತು ಮೊದಲೇ ಆಡಿದ್ದರೆ ನಮಗೂ ಆಗಬಹುದಿತ್ತು, ಅವರಿಗೂ ಆಗಬಹುದಿತ್ತು. ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಆ ರಕ್ತದ ಅಂಗಿ ಕಂಡು ಪಾಪ ಅಂತಲೂ ಅನ್ನಿಸಿತು. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು.

"ಹೆದರ್ಬೇಡಿ, ಹುಷಾರಾಗ್ತಾರೆ."

ನಾನು ಅತ್ತುಬಿಟ್ಟೆ. ಸಾರ್ ಎರಡೂ ಕೈ ಎತ್ತಿ ಮುಗಿದರು. ಅಕ್ಕ ಮಾತ್ರ ಎದ್ದು ಹೋಗಿ ಡಾಕ್ಟರ ಎದುರು ನಿಂತಳು.

"ಹುಷಾರು ಅಂದ್ರೆ ಏನು ಡಾಕ್ಟ್ರೆ?"

"ಅಂದ್ರೆ, ಜೀವಕ್ಕೆ ಭಯ ಇಲ್ಲಮ್ಮ."

"ಅದಲ್ಲ ನಾ ಕೇಳಿದ್ದು. ಮೊದಲಿನ ಹಾಗೆ ನಡೆಯೋದಾ, ಕೋಲು ಹಿಡ್ಕೊಂಡು ನಡೆಯೋದಾ, ಎದ್ದು ಕೂರೋದು ಮಾತ್ರವಾ? ಇದರಲ್ಲಿ ಯಾವುದಕ್ಕೆ ನೀವು ಹುಷಾರು ಅಂತೀರಿ?"

ಡಾಕ್ಟರು ಅವಳನ್ನು ನೋಡಿದರು, ನಿತೇಶ್ ಸಾರ್ ಅವರನ್ನು ನೋಡಿದರು, ಆಮೇಲೆ ದನಿ ತಗ್ಗಿಸಿದರು.

"ಎದ್ದು ಕೂರ್ತಾರಮ್ಮ," ಎಂದರು.