ಮಾದರಿ ಕೋಣೆಯ ಗುಂಡಕ್ಕ

ಆ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು ಮಲಗುತ್ತಿದ್ದರು. ಒಬ್ಬಳು ಮಗ್ಗುಲು ಬದಲಿಸಬೇಕಾದರೆ ಉಳಿದ ಹದಿಮೂರು ಜನರ ಒಪ್ಪಿಗೆ ಬೇಕು. ಗೋಡೆ ಪಕ್ಕದವಳು ಕೆಮ್ಮಿದರೆ ಬಾಗಿಲ ಪಕ್ಕದವಳು ಹೊರಗೆ ಬೀಳುತ್ತಿದ್ದಳು. ಕಿಟಕಿಯೇನೋ ಒಂದಿತ್ತು. ಗಾಳಿ ಅಲ್ಲಿಂದ ಇಣುಕಿ ನೋಡಿ, ಜಾಗವಿಲ್ಲ ಅಂತ ವಾಪಸು ಹೋಗುತ್ತಿತ್ತು. ಹಿಂದಿನ ಅಂಗಳದಲ್ಲಿ ಇನ್ನೂರು ಜನಕ್ಕೆ ಒಂದು ನಲ್ಲಿ, ದಿನಕ್ಕೆ ಅರ್ಧ ಗಂಟೆ ನೀರು. ಸಾಲಿನ ಬಾಲದಲ್ಲಿ ನಿಂತವಳು ನಲ್ಲಿ ಮುಟ್ಟುವಷ್ಟರಲ್ಲಿ ಅವಳ ತಲೆ ನರೆತಿರುತ್ತಿತ್ತು.

ಇಂಥ ಕೋಣೆಯಿಂದ ಗುಂಡಕ್ಕ ಊರಿಗೆ ಫೋನ್ ಮಾಡುತ್ತಿದ್ದಳು.

"ಕೋಣೆನಾ? ಅಯ್ಯೋ, ಅರಮನೆ ಕಣೇ! ಕೂಗಿದ್ರೆ ಮಾರ್ದನಿ ಬರುತ್ತೆ."

"ಅರಮನೆಯಮ್ಮಾ, ನಿನ್ನ ಮೊಣಕೈ ನನ್ನ ಬಾಯೊಳಗಿದೆ" ಅಂತ ಪಕ್ಕದವಳು ಗೊಣಗುತ್ತಿದ್ದಳು. ಗುಂಡಕ್ಕ ಫೋನಿನ ಮೇಲೆ ಅಂಗೈ ಮುಚ್ಚಿ, "ಕಚ್ಚಬೇಡ ಮತ್ತೆ" ಅಂತ ಹೇಳಿ ಮಾತು ಮುಂದುವರಿಸುತ್ತಿದ್ದಳು.

ಅವಳನ್ನು ಬೈದು ಪ್ರಯೋಜನವಿಲ್ಲ. ಊರಿನ ಕಾಗದದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮೊದಲು ಗಂಡಸರು ಹೊರಟರು, ಆಮೇಲೆ ಹೆಂಗಸರು. ಹತ್ತುವವರಿಲ್ಲದೆ ಬಸ್ಸೂ ಬರುವುದನ್ನು ಬಿಟ್ಟಿತು. ಚಹಾದಂಗಡಿಯವನು ತಾನೇ ಚಹಾ ಕಾಸಿ, ತಾನೇ ಕುಡಿದು, ತನ್ನ ಜೊತೆ ತಾನೇ ಜಗಳವಾಡಿ ಮನೆಗೆ ಹೋಗುತ್ತಿದ್ದ. ಅಂಥ ಊರಲ್ಲಿ ಉಳಿದ ಅಮ್ಮನಿಗೂ ತಂಗಿಗೂ ನಿಜ ಹೇಳಿ, ಇದ್ದ ನಿದ್ದೆಯನ್ನೂ ಯಾಕೆ ಕೆಡಿಸಬೇಕು?

ಗುಂಡಕ್ಕ ನೂಲಿನ ಗಿರಣಿಯಲ್ಲಿ ಕಡಿದ ಎಳೆ ಜೋಡಿಸುವವಳು. ಕೈ ಎಷ್ಟು ಚುರುಕೆಂದರೆ, ಎಳೆ ಕಡಿಯುವ ಮೊದಲೇ ಜೋಡಿಸಿ ಮುಗಿದಿರುತ್ತಿತ್ತು. ಆದರೆ ಗಿರಣಿಯವರು ಮೆಚ್ಚಿದ್ದು ಅವಳ ಕೈಯನ್ನಲ್ಲ, ಕೆನ್ನೆಯನ್ನು. ಅರೆಹೊಟ್ಟೆಯಲ್ಲಿ ಎಲ್ಲರೂ ಸೊರಗಿ ಕಡ್ಡಿಯಾದರೆ, ಅವಳ ಕೆನ್ನೆ ಬರೀ ಗಾಳಿ ಕುಡಿದೇ ಉಬ್ಬುತ್ತಿತ್ತು.

ಇದನ್ನು ಗಮನಿಸಿದವನು ಸೂಪರ್‌ವೈಸರ್. ಎಲ್ಲರೂ ಅವನನ್ನು ಬೆಲ್ಲದಬಾಯಿ ಅನ್ನುತ್ತಿದ್ದರು. ಅವನು ಬಾಯಿ ತೆರೆದರೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು.

"ಗುಂಡಕ್ಕಾ, ಇನ್ಮೇಲೆ ಹೊಸಬರ ಬಸ್ಸು ಬಂದಾಗೆಲ್ಲ ನೀನು ಮಾದರಿ ಕೋಣೇಲಿ ಕೂತ್ಕೋಬೇಕು. ಆವತ್ತು ಮೆಷಿನ್ ಹತ್ರ ಬರೋದೇ ಬೇಡ."

"ಕೂತು ಏನ್ ಮಾಡ್ಲಿ ಸಾರ್?"

"ನಗು. ಅಷ್ಟೇ."

ಮಾದರಿ ಕೋಣೆ ಗೇಟಿನ ಪಕ್ಕದಲ್ಲಿತ್ತು. ಎರಡು ಮಂಚ, ಹೂವಿನ ಪರದೆ, ಆಳೆತ್ತರದ ಕನ್ನಡಿ, ಒಳಗೇ ಒಂದು ನಲ್ಲಿ. ಅಲ್ಲಿ ಇಲ್ಲಿಯವರೆಗೆ ಮನುಷ್ಯರಿರಲಿ, ಬೆಕ್ಕೂ ಮಲಗಿದ್ದಿಲ್ಲ. ಆ ನಲ್ಲಿಗೆ ನೀರು ಬರುತ್ತಿದ್ದುದು ಮಾಡಿನ ಮೇಲಿಟ್ಟ ಡ್ರಮ್ಮಿನಿಂದ. ಬಸ್ಸು ಬರುವ ದಿನ ಇಪ್ಪತ್ತು ಹೆಂಗಸರು ಕೊಡ ಹೊತ್ತು, ಹಿಂದುಗಡೆಯ ಏಣಿ ಹತ್ತಿ ಅದನ್ನು ತುಂಬಿಸಬೇಕಿತ್ತು. ಒಳಗೆ ಗುಂಡಕ್ಕ ಕಾಲಾಡಿಸುತ್ತ ಹೇಳಬೇಕಿತ್ತು: "ಕೋಣೆಗೆ ಇಬ್ಬರೇ. ನೀರು ದಿನವಿಡೀ. ಕೆಲಸ ಎಂಟೇ ಗಂಟೆ." ಬಂದವರು ಅವಳ ಕೆನ್ನೆ ನೋಡಿ ಸಹಿ ಹಾಕುತ್ತಿದ್ದರು. ಸಹಿ ಬಿದ್ದ ಕೂಡಲೇ ಅವರ ಗುರುತಿನ ಚೀಟಿಗಳು ಆಫೀಸಿನ ಬೀರು ಸೇರುತ್ತಿದ್ದವು. ಒಂದು ವರ್ಷ ಬೀಗ. ಚೀಟಿ ಇಲ್ಲದವರಿಗೆ ಬೇರೆಲ್ಲೂ ಕೆಲಸ ಇಲ್ಲ.

ಒಂಬತ್ತು ಬಸ್ಸು ಜನಕ್ಕೆ ಗುಂಡಕ್ಕ ನಕ್ಕಳು. ಹತ್ತನೆಯ ಬಸ್ಸಿನಿಂದ ಅವಳ ತಂಗಿ ಇಳಿದಳು.

ಹಿಂದೆಯೇ ಚಿಕ್ಕಪ್ಪ, ಆಚೆಮನೆಯವಳು, ಈಚೆಮನೆಯವಳು. ಊರಲ್ಲಿ ಉಳಿದಿದ್ದ ಅರ್ಧ ಊರು.

"ಅಕ್ಕಾ! ನೀನು ಫೋನಲ್ಲಿ ಹೇಳಿದಾಗ ಬುರುಡೆ ಅಂದ್ಕೊಂಡಿದ್ದೆ ಕಣೇ. ಇದು ನಿಜವಾಗ್ಲೂ ಅರಮನೆ!" ತಂಗಿ ಮಂಚದ ಮೇಲೆ ಕೂತು ಎರಡು ಸಲ ಕುಪ್ಪಳಿಸಿದಳು. "ನನ್ನ ಹೊಲಿಗೆ ಮೆಷಿನ್ನೂ ಮಾರಿ ಬಂದೆ. ಮುಂದಿನ ತಿಂಗಳು ಅಮ್ಮನ್ನ ಕರ್ಕೊಂಡು ಬರೋಣ. ಈ ಮಂಚ ಅವಳಿಗೆ. ನಾವಿಬ್ರೂ ಆ ಇನ್ನೊಂದರಲ್ಲಿ."

"ಹೇಳು ಗುಂಡಕ್ಕಾ," ಬೆಲ್ಲದಬಾಯಿ ಕಾಗದ ಬಿಡಿಸುತ್ತ ಅಂದ, "ಕೋಣೆಗೆ ಎಷ್ಟು ಜನ?"

ಹುಟ್ಟಿದಾಗಿನಿಂದ ಮುಚ್ಚದ ಬಾಯಿ ಆವತ್ತು ಮುಚ್ಚಿತು. ಅವಳ ಕೆನ್ನೆ ಕೂಡ ಒಂದು ಸುತ್ತು ಇಳಿಯಿತು ಅಂತ ನೋಡಿದವರು ಹೇಳುತ್ತಾರೆ.

"ಇಬ್ಬರೇ ಅಂತೆ," ತಂಗಿಯೇ ಹೇಳಿದಳು. ಪೆನ್ನು ಅವಳ ಕೈಗೆ ಬಂದಿತ್ತು. "ಸಹಿ ಹಾಕ್ಲಾ ಅಕ್ಕಾ?"

"ತಡಿಯೇ!" ಗುಂಡಕ್ಕ ಕೂಗಿದಳು. "ಮುಖದ ತುಂಬ ಧೂಳು. ಮೊದ್ಲು ಮುಖ ತೊಳಿ."

ನಲ್ಲಿಯನ್ನು ಕೊನೆಯವರೆಗೂ ತಿರುಗಿಸಿದಳು. ನೀರು ಧೋ ಅಂತ ಸುರಿಯಿತು.

"ನೀವೂ ಬನ್ನಿ ಚಿಕ್ಕಪ್ಪಾ. ಕಾಲು ತೊಳ್ಕೊಳ್ಳಿ. ನೀನೂ ಬಾರೇ, ತಲೆಗೇ ಹಾಕ್ಕೋ! ದಿನವಿಡೀ ಬರೋ ನೀರಿಗೆ ಯಾಕೆ ಜಿಪುಣತನ?"

"ಸಾಕು ಸಾಕು," ಬೆಲ್ಲದಬಾಯಿ ನಲ್ಲಿಗೆ ಕೈ ಹಾಕಿದ. "ಸಹಿ ಆದ್ಮೇಲೆ ತೊಳ್ಕೊಳ್ಳಿ."

ಗುಂಡಕ್ಕ ಅಡ್ಡ ನಿಂತಳು. "ಯಾಕೆ ಸಾರ್? ನಿಲ್ಲುತ್ತಾ?"

ಹತ್ತು ಜನ ತೊಳೆದಾದ ಮೇಲೆ ಚಿಕ್ಕಪ್ಪ ಎರಡನೇ ಸಲ ಬಂದು ಮುಖಕ್ಕೆ ಸೋಪು ತಿಕ್ಕಿದ್ದರು. ನಲ್ಲಿ ಎರಡು ಸಲ ಕೆಮ್ಮಿತು. ಒಂದು ತೊಟ್ಟು ಉದುರಿಸಿ ನಿಂತಿತು. ಮಾಡಿನ ಮೇಲಿಂದ ಹೆಂಗಸಿನ ದನಿಯೊಂದು ಇಳಿದು ಬಂತು:

"ಗುಂಡಕ್ಕಾ, ಖಾಲಿ ಮಾಡ್ತಿರೋರು ಯಾರೇ? ಇನ್ನು ಹೊರೋಕೆ ನಮ್ಮ ಕೈಲಾಗಲ್ಲ!"

ಎಲ್ಲರೂ ಮೇಲೆ ನೋಡಿದರು. ಚಿಕ್ಕಪ್ಪ ಮಾತ್ರ ಕಣ್ಣು ಮುಚ್ಚಿಕೊಂಡೇ, "ಏನಾಯ್ತು? ಯಾರಾದ್ರೂ ಹೇಳ್ರೋ!" ಅಂತ ಕೈ ಆಡಿಸುತ್ತಿದ್ದರು.

"ನಾನೇ ಹೇಳ್ತೀನಿ," ಅಂದಳು ಗುಂಡಕ್ಕ. "ಕೋಣೆಗೆ ಹದಿನಾಲ್ಕು ಜನ. ನೀರು ಅರ್ಧ ಗಂಟೆ. ಕೆಲಸ ಹನ್ನೆರಡು ಗಂಟೆ. ಸಹಿ ಹಾಕಿದ್ರೆ ಗುರುತಿನ ಚೀಟಿ ಅವರ ಬೀರುವಿನಲ್ಲಿ. ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು. ಒಂಬತ್ತು ಬಸ್ಸು ಜನಕ್ಕೂ ಸುಳ್ಳೇ ಹೇಳಿದೆ."

ತಂಗಿ ಹೊರಗೆ ಹೋಗಿ ನಿಜವಾದ ಕೋಣೆಯನ್ನು ನೋಡಿ ಬಂದಳು. ಹೋಗುವಾಗ ಎಳೆ ಮುಖ, ಬರುವಾಗ ಹತ್ತು ವರ್ಷ ದೊಡ್ಡದಾಗಿತ್ತು.

"ಅಲ್ಲಿಂದ ಫೋನ್ ಮಾಡ್ತಿದ್ಯಾ ನೀನು?"

"ಹೂಂ."

"ನಾಚಿಕೆ ಆಗ್ಬೇಕು ನಿಂಗೆ."

"ಆಗ್ತಿದೆ ಕಣೇ."

"ನಡೀರಿ, ವಾಪಸು ಹೋಗೋಣ," ಅಂದಳು ಆಚೆಮನೆಯವಳು.

"ಎಲ್ಲಿಗೆ?" ತಂಗಿ ಕೇಳಿದಳು.

ಗಂಟು ಎತ್ತಿದವರು ಹಾಗೇ ನಿಂತರು. ಬೆಲ್ಲದಬಾಯಿಗೆ ಜೀವ ಬಂತು. "ಅದೇ ನಾನೂ ಹೇಳೋದು. ಸ್ವಲ್ಪ ಹೊಂದ್ಕೊಂಡ್ರೆ..."

ತಂಗಿ ಚಪ್ಪಲಿ ಬಿಟ್ಟು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಸಾರ್, ನೀವು ತೋರಿಸಿದ್ದು ಈ ಕೋಣೆ. ಕೆಲಸ ಮಾಡ್ತೀವಿ. ಕೋಣೆಗೆ ಇಬ್ಬರೇ, ನೀರು ದಿನವಿಡೀ, ಕೆಲಸ ಎಂಟು ಗಂಟೆ. ಚೀಟಿ ನಮ್ಮ ಹತ್ರಾನೇ ಇರುತ್ತೆ. ಇಷ್ಟನ್ನ ಕಾಗದದಲ್ಲಿ ಬರೀರಿ. ಇಲ್ಲೇ ಕಾಯ್ತೀವಿ."

ಚಿಕ್ಕಪ್ಪ ಪರದೆಯಿಂದ ಸೋಪು ಒರೆಸಿಕೊಂಡು ಎರಡನೇ ಮಂಚ ಹಿಡಿದರು. ಉಳಿದವರು ನೆಲದ ಮೇಲೆ ಕೂತರು.

"ಎದ್ದೇಳ್ರೀ!" ಬೆಲ್ಲದಬಾಯಿಯ ಬೆಲ್ಲವೆಲ್ಲ ಕರಗಿತ್ತು. "ನೀವಲ್ಲದಿದ್ರೆ ಇನ್ನೊಬ್ರು. ನಾಳೆನೇ ಬೇರೆ ಬಸ್ಸು ತರಿಸ್ತೀನಿ!"

ಅಷ್ಟರಲ್ಲಿ ಏಣಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಬಾಗಿಲಿಗೆ ಬಂದಿದ್ದರು. ಇಪ್ಪತ್ತು ಜನ, ಇಪ್ಪತ್ತು ಕೊಡ. ಎಲ್ಲರಿಗಿಂತ ಹಿರಿಯಳು ತನ್ನ ಕೊಡವನ್ನು ಅವನ ಕಾಲ ಬುಡದಲ್ಲೇ ಬೋರಲು ಹಾಕಿದಳು. ಠಣ್ ಅಂದ ಸದ್ದು ಗಿರಣಿಯ ಸದ್ದನ್ನೂ ಮೀರಿಸಿತು.

"ತರಿಸಿ ಸಾರ್," ಅಂದಳು. "ಡ್ರಮ್ಮು ತುಂಬಿಸೋರು ಯಾರು?"